ಕೋತಿಯಮ್ಮ ಆಡದ ಮಾತು

ಲೊಂಬೆ ಕಪಾಸಾ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಕಿಟ್ವೆ ಊರಿನ ಅಂಚಿನಲ್ಲಿ, ತಾಮ್ರದ ಗಣಿಯ ಕರಿದಿಬ್ಬಗಳು ಎದುರಿಗೇ ಕಾಣುವಂತಿದ್ದ ಆಸ್ಪತ್ರೆ ಅದು. ಯಾವ ವಾರ್ಡಿನಿಂದ ಕರೆ ಬಂದರೂ ಉಸಿರು ಕೇಳಿಯೇ ಯಾರೆಂದು ಹೇಳುತ್ತಿದ್ದಳು. ದೊಡ್ಡ ಡಾಕ್ಟರುಗಳಿಗೂ ಅವಳೆಂದರೆ ಸ್ವಲ್ಪ ಭಯ. ನಮಸ್ಕಾರ ಹೇಳದೆ ನೇರ ನಂಬರು ಕೇಳಿದವರಿಗೆ ಅವಳು ಲೈನು ಕೊಡುತ್ತಿರಲಿಲ್ಲ. ಮೊದಲು ಯೋಗಕ್ಷೇಮ ವಿಚಾರಿಸಿ, ಆಮೇಲೆ ಕೆಲಸದ ಮಾತು ಎನ್ನುತ್ತಿದ್ದಳು. ಅವಳ ಕುಲವಾದ ಬೆಂಬಾ ಜನರಲ್ಲಿ ಅದು ಹುಟ್ಟಿನಿಂದ ಬಂದ ಪಾಠ.

ಆಮೇಲೆ ಒಂದು ದಿನ ಬೋರ್ಡನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿದರು. ಇನ್ನು ಮೇಲೆ ಫೋನಿನ ಮಾತೂ ಕಂಪ್ಯೂಟರಿನ ಲೆಕ್ಕವೂ ಒಂದೇ ತಂತಿಯಲ್ಲಿ ಓಡುತ್ತವೆ, ಅವುಗಳಿಗೆ ದಾರಿ ತೋರಿಸುವುದಕ್ಕೆ ನಲವತ್ತೊಂದು ಸ್ವಿಚ್ಚು ಪೆಟ್ಟಿಗೆಗಳು ಕಟ್ಟಡದ ತುಂಬ ಕೂರುತ್ತವೆ, ಬೋರ್ಡಿಗೆ ಹೆಂಗಸು ಬೇಕಿಲ್ಲ ಎಂದಾಯಿತು. ಆಡಳಿತಾಧಿಕಾರಿ ನಲಿಶೆಬೊ ಮುಬಿತಾ ಎಂಬಾಕೆ ಲೊಂಬೆಯನ್ನು ಕರೆದು ಎರಡು ದಾರಿ ತೋರಿಸಿದಳು. ಒಂಬತ್ತು ತಿಂಗಳಲ್ಲಿ ಸ್ವಿಚ್ಚುಗಳನ್ನು ನಡೆಸುವುದನ್ನೂ ಅವಕ್ಕೆ ಪ್ರೋಗ್ರಾಂ ಬರೆಯುವುದನ್ನೂ ಕಲಿತರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ಮನೆ ಎಂದರೆ ಯಾವ ಮನೆ? ಗಂಡ ಹೋದ ಮೇಲೆ ಲೊಂಬೆ ಮತ್ತು ಮಗಳು ಮ್ವಾಪೆ ಇದ್ದದ್ದು ಆಸ್ಪತ್ರೆಯದೇ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಕೆಲಸ ಹೋದರೆ ಸೂರೂ ಹೋಯಿತು. ನಲವತ್ತೈದರ ಹೆಂಗಸಿಗೆ ಹೊಸದಾಗಿ ಕಲಿ ಎಂದು ಹೇಳುವುದು ಸುಲಭ. ಹೇಳುವವರ ಗಂಟೇನು ಹೋಗುತ್ತದೆ?

ಕಲಿಸುವವನು ಜಕೇಯೊ ಜೆರೆ. ಐವತ್ತೊಂಬತ್ತು ದಾಟಿದ ಹಿರಿಯ ತಂತ್ರಜ್ಞ, ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ನಿವೃತ್ತನಾದ ಮೇಲೂ ಎರಡು ವರ್ಷ ಇಲ್ಲೇ ಇದ್ದು ಹೊಸಬರಿಗೆ ಪಾಠ ಹೇಳುವುದೆಂದು ಆಗಲೇ ಗೊತ್ತಾಗಿತ್ತು. ಅವನು ಪೂರ್ವದ ಕಡೆಯ ಅಂಗೋನಿ, ಲೊಂಬೆ ಬೆಂಬಾ. ಹಾಗಾಗಿ ಮೊದಲ ದಿನದಿಂದಲೇ ಇಬ್ಬರ ನಡುವೆ ಏಕವಚನ. ಅವರ ಮುತ್ತಾತಂದಿರು ಒಂದು ಕಾಲಕ್ಕೆ ಭರ್ಜಿ ಹಿಡಿದು ಹೊಡೆದಾಡಿದವರು. ಯುದ್ಧ ನಿಂತಿತು, ಬೈಗುಳ ಮಾತ್ರ ಉಳಿಯಿತು, ಬೈಗುಳವೇ ಕ್ರಮೇಣ ನೆಂಟಸ್ತಿಕೆಯಾಯಿತು. ಈಗ ಬೆಂಬಾ ಕಂಡರೆ ಅಂಗೋನಿ ‘ಕೋತಿ ತಿನ್ನೋರೇ’ ಎನ್ನುತ್ತಾನೆ, ಅಂಗೋನಿ ಕಂಡರೆ ಬೆಂಬಾ ‘ಇಲಿ ತಿನ್ನೋರೇ’ ಎನ್ನುತ್ತಾನೆ. ವಯಸ್ಸು, ಹುದ್ದೆ ಯಾವುದೂ ಅಡ್ಡ ಬರುವುದಿಲ್ಲ. ಇದಕ್ಕೆ ಎರಡೇ ಕಟ್ಟಳೆ: ಸಿಟ್ಟು ಮಾಡಬಾರದು, ಮತ್ತು ಉತ್ತರ ಕೊಡದೆ ಬಿಡಬಾರದು. ಉತ್ತರ ಕೊಡದವನು ನೆಂಟನ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಜೆರೆ ಅವಳಿಗೆ ಕೋತಿಯಮ್ಮ ಎಂದು ಹೆಸರಿಟ್ಟ. ಅವಳು ಅವನಿಗೆ ಇಲಿಯಣ್ಣ ಎಂದಳು. ಉಗ್ರಾಣದ ಮೂಲೆಯಲ್ಲಿ ಹಳೆಯ ಸ್ವಿಚ್ಚೊಂದನ್ನು ಮೇಜಿನ ಮೇಲಿಟ್ಟು, ಅದಕ್ಕೊಂದು ಲ್ಯಾಪ್‌ಟಾಪು ಸಿಕ್ಕಿಸಿ, ಪಾಠ ಶುರು ಮಾಡಿದ. ಒಂದೇ ತಂತಿಯೊಳಗೆ ಹತ್ತಾರು ಓಣಿ ಇರುತ್ತವೆ ಎಂದು ತೋರಿಸಿದ: ಡಾಕ್ಟರರದೊಂದು, ರಕ್ತ ಪರೀಕ್ಷೆಯವರದೊಂದು, ಔಷಧದ ಕಿಟಕಿಯದೊಂದು, ಫೋನಿನದೊಂದು, ಸ್ವಿಚ್ಚಿನ ಜೊತೆ ನಾವು ಮಾತಾಡುವುದಕ್ಕೇ ಬೇರೊಂದು. ಪ್ರತಿ ಓಣಿಗೂ ಒಂದು ನಂಬರು. ಯಾವ ತಂತಿಯಲ್ಲಿ ಯಾವ ಯಾವ ಓಣಿಗೆ ಪ್ರವೇಶ ಎಂಬುದಕ್ಕೆ ಸ್ವಿಚ್ಚಿನೊಳಗೊಂದು ಪಟ್ಟಿ. ಪಟ್ಟಿಯಲ್ಲಿಲ್ಲದ ಓಣಿಗೆ ಬಾಗಿಲು ತೆರೆಯುವುದಿಲ್ಲ, ಯಮ ಬಂದರೂ.

ಅವಳಿಗೆ ಮೊದಮೊದಲು ಕಣ್ಣೀರೇ ಬರುತ್ತಿತ್ತು. ಬೋರ್ಡಿನ ಮುಂದೆ ಕೂತಾಗ ತಪ್ಪಿದರೆ ಆ ಕಡೆಯವರು ‘ಏನಂದಿರಿ?’ ಎಂದು ಕೇಳುತ್ತಿದ್ದರು. ಸ್ವಿಚ್ಚು ಕೇಳುವುದಿಲ್ಲ. ಬೆರಳು ಬರೆದದ್ದನ್ನು ಮಾಡಿ ಕೈ ತೊಳೆದುಕೊಳ್ಳುತ್ತದೆ, ಮನಸ್ಸಿನಲ್ಲಿದ್ದದ್ದು ಅದಕ್ಕೆ ಬೇಡ. ಅದಾದ ಮೇಲೆ ಪ್ರೋಗ್ರಾಂ ಬಂತು. ನಲವತ್ತೊಂದು ಪೆಟ್ಟಿಗೆಗೂ ಒಂದೊಂದಾಗಿ ಹೇಳುವ ಬದಲು, ಆಜ್ಞೆಗಳನ್ನು ಒಂದು ಕಟ್ಟಾಗಿ ಬರೆದು ಎಲ್ಲಕ್ಕೂ ಹಂಚುವ ವಿದ್ಯೆ. ಬರೆಯುವ ಭಾಷೆಗೆ ಪೈಥಾನ್ ಎಂದು ಹೆಸರು, ಅಂದರೆ ಹೆಬ್ಬಾವು. ಸಾಲಿನ ಮೊದಲು ಜಾಗ ಬಿಡುವುದರಲ್ಲಿ ಒಂದು ಕೂದಲು ಆಚೀಚೆಯಾದರೂ ಅದು ಮುಷ್ಕರ ಹೂಡುತ್ತಿತ್ತು. ಲೊಂಬೆ ಬೆವರುವುದನ್ನು ನೋಡಿ ಜೆರೆಗೆ ಹಬ್ಬ.

“ಕೋತಿ ಅಲ್ವೇನೆ, ಹೆಬ್ಬಾವು ಕಂಡ್ರೆ ನಡುಗ್ಲೇಬೇಕು,” ಎಂದ.

“ಹೆಬ್ಬಾವು ಮೊದ್ಲು ನುಂಗೋದು ಇಲೀನ. ನೀನು ಹಿಂದೆ ನಿಂತ್ಕೋ,” ಎಂದಳು ಅವಳು.

ಆರು ತಿಂಗಳಾಗುವಷ್ಟರಲ್ಲಿ ಹೆಬ್ಬಾವು ಪಳಗಿತು. ಅವಳ ಬೆರಳು ವೇಗ. ಇಪ್ಪತ್ತೆರಡು ವರ್ಷ ತಂತಿ ಸಿಕ್ಕಿಸಿದ ಬೆರಳುಗಳಲ್ಲವೇ. ಮಧ್ಯಾಹ್ನ ಮಾವಿನ ಮರದಡಿ ನ್ಶಿಮಾ ಮುದ್ದೆಯನ್ನು ಒಣಮೀನಿನ ಗೊಜ್ಜಿನಲ್ಲಿ ಅದ್ದಿ ತಿನ್ನುವಾಗಲೂ ಅವಳು ಸ್ವಿಚ್ಚಿನ ಮಾತೇ ಆಡುತ್ತಿದ್ದಳು. ಅಂಥ ಒಂದು ಮಧ್ಯಾಹ್ನ, ಔಷಧದ ಕಿಟಕಿಯ ಗುಮಾಸ್ತರೂ ಜೊತೆಗಿದ್ದಾಗ, ಜೆರೆ ಹೇಳಿದ:

“ಈ ಸ್ವಿಚ್ಚು ನಿಮ್ಮ ಬೆಂಬಾ ಕುಲದ್ದೇ ಕಣೇ. ಮದುವೆ ಮನೆ ಬಾಗ್ಲಲ್ಲಿ ನಿಂತು ಹೊಸ ನೆಂಟನ ಹೆಸ್ರು ಬರೀ ಕೂಗಿದ್ರೆ, ಒಳಗೆ ಕೂತಿರೋ ನೆಂಟ್ರನ್ನೆಲ್ಲ ಆಚೆ ಅಟ್ಟಿ, ಅವನೊಬ್ಬನ್ನೇ ಕೂರಿಸ್ಕೊಳ್ಳತ್ತೆ. ‘ಇವನ್ನೂ ಸೇರ್ಸು’ ಅಂತ ಬಾಯ್ಬಿಟ್ಟು ಹೇಳ್ಬೇಕು. ಆ್ಯಡ್ ಅನ್ನೋ ಒಂದು ಮಾತು. ಮರೀಬೇಡ.”

“ನಿಮ್ಮೋರ ಮದುವೇಲಿ ಆ ತಾಪತ್ರಯ ಇಲ್ಲ ಬಿಡು. ತಟ್ಟೇಲಿ ಬಾಲ ಕಾಣ್ತಿದ್ದ ಹಾಗೇ ನೆಂಟ್ರು ತಾವೇ ಎದ್ದೋಗ್ತಾರೆ.”

ಗುಮಾಸ್ತರು ಉಸಿರುಗಟ್ಟಿ ನಕ್ಕರು. ಆ ನಗುವಿನಲ್ಲಿ ಬಾಲ ಉಳಿಯಿತು, ಆ್ಯಡ್ ಹೋಯಿತು. ಪಾಠ ಎಲ್ಲಿ ಮುಗಿದು ಕೀಟಲೆ ಎಲ್ಲಿ ಶುರುವಾಗುತ್ತದೆಂದು ತಿಳಿಯದ ಗುರುಶಿಷ್ಯರು ಅವರು. ಬೇರೆ ಯಾರಾದರೂ ಹೇಳಿದ್ದರೆ ಲೊಂಬೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅಂಗೋನಿಯ ಬಾಯಿಂದ ಬೆಂಬಾ ಕುಲದ ಬಗ್ಗೆ ಬಂದ ಮಾತನ್ನು ಯಾವ ಬೆಂಬಾ ಬರೆದುಕೊಳ್ಳುತ್ತಾಳೆ?

ಜೆರೆಯದು ಇನ್ನೊಂದು ಪದ್ಧತಿಯಿತ್ತು. ಸ್ವಿಚ್ಚಿಗೆ ಏನೇ ಹೊಸದು ಹೇಳಿದರೂ ಅದನ್ನು ಕೂಡಲೇ ಉಳಿಸುತ್ತಿರಲಿಲ್ಲ. ಉಳಿಸದ ಮಾತನ್ನು ಸ್ವಿಚ್ಚು ಕರೆಂಟು ತೆಗೆದು ಹಾಕಿದರೆ ಮರೆತುಬಿಡುತ್ತದೆ; ಅದೇ ಅವನಿಗೆ ಧೈರ್ಯ. ಮೊದಲು ಒಂದು ಲೋಟ ಚಹಾ ಕುಡಿದು, ನಾಲ್ಕು ವಾರ್ಡಿಗೆ ಫೋನು ಮಾಡಿ, ಎಲ್ಲ ಸರಿಯಿದೆ ಎಂದ ಮೇಲೆಯೇ ಉಳಿಸು ಎನ್ನುವ ಆಜ್ಞೆ ಕೊಡುತ್ತಿದ್ದ. ಲೊಂಬೆಗೆ ಇದು ಮುದುಕರ ಆಲಸ್ಯದಂತೆ ಕಂಡಿತ್ತು.

ಒಂಬತ್ತನೇ ತಿಂಗಳ ಕೊನೆಯ ವಾರ, ಕಾಗದದಲ್ಲಿ ತನ್ನ ಹೆಸರಿಗಿದ್ದ ಒಂದು ಕೆಲಸವನ್ನು ಜೆರೆ ಪರೀಕ್ಷೆಯೆಂದು ಲೊಂಬೆಗೆ ಬಿಟ್ಟುಕೊಟ್ಟ. ನರ್ಸುಗಳ ಹೊಸ ಫೋನುಗಳಿಗೆ ಅರವತ್ತನೇ ನಂಬರಿನ ಓಣಿಯನ್ನು ನಲವತ್ತೊಂದು ಸ್ವಿಚ್ಚಿನಲ್ಲೂ ತೆರೆಯಬೇಕು. ಶುಕ್ರವಾರ ಕಾಯಂ ಪತ್ರದ ತೀರ್ಮಾನ. ಲೊಂಬೆ ಮೇಜಿನ ಮೇಲಿನ ಸ್ವಿಚ್ಚಿನಲ್ಲಿ ಮೊದಲು ಪ್ರಯತ್ನಿಸಿದಳು. ಅದರಲ್ಲಿ ಬೇರೆ ಯಾವ ಓಣಿಯೂ ಇರಲಿಲ್ಲ, ಖಾಲಿ ಮದುವೆಮನೆ. ಹೊರಗೆ ಅಟ್ಟುವುದಕ್ಕೆ ನೆಂಟರೇ ಇಲ್ಲ. ಅರವತ್ತು ಎಂದಳು, ಅರವತ್ತು ಬಂತು. ಅದೇ ಸಾಲನ್ನು ಆಜ್ಞೆಗಳ ಕಟ್ಟಿನೊಳಗೆ ಹಾಕಿದಳು. ಕೊನೆಯಲ್ಲಿ, ಮುಬಿತಾ ಮೇಡಂಗೆ ನಾಲ್ಕೇ ನಿಮಿಷದಲ್ಲಿ ಮುಗಿಸಿದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ, ಉಳಿಸು ಎನ್ನುವ ಆಜ್ಞೆಯನ್ನೂ ಸೇರಿಸಿದಳು.

ಮಂಗಳವಾರ ಬೆಳಿಗ್ಗೆ ಜೆರೆ ಕ್ಷಯದ ವಾರ್ಡಿನ ಮಾಳಿಗೆಯ ಮೇಲೆ ಒಬ್ಬನೇ ತಂತಿ ನೋಡುತ್ತಿದ್ದ. ಲೊಂಬೆಗೆ ಸ್ವಿಚ್ಚುಗಳಿಗೆ ಸ್ವಂತ ಲಾಗಿನ್ ಹೆಸರು ಇನ್ನೂ ಬಂದಿರಲಿಲ್ಲ. ಒಂಬತ್ತು ತಿಂಗಳೂ ಜೆರೆಯ ಹೆಸರಿನಲ್ಲೇ ಒಳಗೆ ಹೋಗುತ್ತಿದ್ದಳು. ಹತ್ತೂ ನಲವತ್ತಕ್ಕೆ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದರ ಕೆಳಗೊಂದು ‘ತಲುಪಿತು’ ಎಂದು ನಲವತ್ತೊಂದು ಸಾಲು ಹಸಿರಾಗಿ ಇಳಿದವು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಹೆರಿಗೆ ವಾರ್ಡಿನ ಸಿಸ್ಟರಿಗೆ ಹೇಳೋಣವೆಂದು ಫೋನು ಎತ್ತಿದಳು. ಒಳಗೆ ಏನೂ ಇರಲಿಲ್ಲ. ಗೊರಗೊರವೂ ಇಲ್ಲ, ಉಸಿರೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಮೌನವನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಅರವತ್ತನೇ ಓಣಿಯೊಂದನ್ನು ಬಿಟ್ಟು ಆಸ್ಪತ್ರೆಯ ಎಲ್ಲ ಓಣಿಗಳೂ ಮುಚ್ಚಿದ್ದವು. ಸ್ವಿಚ್ಚಿನ ಜೊತೆ ಮಾತಾಡುವ ಓಣಿಯೂ ಮುಚ್ಚಿದ್ದರಿಂದ ಕೂತಲ್ಲಿಂದ ಸರಿಪಡಿಸುವಂತಿರಲಿಲ್ಲ. ಹತ್ತಿರದ ಪೆಟ್ಟಿಗೆಗೆ ಓಡಿ ಕರೆಂಟು ತೆಗೆದು ಹಾಕಿದಳು. ಉಳಿಸಿದ್ದ ತಪ್ಪು ಹಾಗೇ ಎದ್ದು ಕೂತಿತು. ಜೆರೆ ಮಾಳಿಗೆಯಿಂದ ಇಳಿದು ಬಂದ. ಇಬ್ಬರೂ ಲ್ಯಾಪ್‌ಟಾಪು, ನೀಲಿ ತಂತಿ ಹಿಡಿದು ಒಂದೊಂದೇ ಸ್ವಿಚ್ಚಿನ ಕಪಾಟಿಗೆ ನಡೆದು ನೇರ ಸಿಕ್ಕಿಸಿ ಸರಿಪಡಿಸತೊಡಗಿದರು. ಮೂರನೆಯದರ ಹತ್ತಿರ ಜೆರೆ ಪರದೆಯ ಮೇಲಿನ ಸಾಲಿನ ನಡುವೆ, ಆ್ಯಡ್ ಎಂಬ ಮಾತು ಇರಬೇಕಾಗಿದ್ದ ಜಾಗದಲ್ಲಿ ಬೆರಳಿಟ್ಟ.

“ನೀನು ತಮಾಷೆಗೆ ಹೇಳಿದ್ದು ಅಂದ್ಕೊಂಡೆ,” ಎಂದಳು ಲೊಂಬೆ.

“ತಮಾಷೆಗೇ ಹೇಳಿದ್ದು. ನಿಜಾನೇ ಹೇಳಿದ್ದು. ನಡಿ, ಇನ್ನೂ ಮೂವತ್ತೆಂಟಿವೆ.”

ಮುಗಿದಾಗ ಮೂರೂವರೆ. ಅಷ್ಟರೊಳಗೆ ಆಗಬಾರದ್ದು ಆಗಿತ್ತು. ಹೆರಿಗೆ ವಾರ್ಡಿನಲ್ಲಿ ಡೋರಿಕಾ ಎಂಬ ಟೊಮೇಟೊ ಮಾರುವ ಹೆಂಗಸಿಗೆ, ಚೊಚ್ಚಿಲ ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಫೋನಿಲ್ಲ. ಆಯಾ ಚೀಟಿ ಹಿಡಿದು ಆಸ್ಪತ್ರೆಯ ಆ ತುದಿಯಲ್ಲಿದ್ದ ರಕ್ತನಿಧಿಗೆ ಓಡಿದಳು. ಅಲ್ಲಿ ಕಂಪ್ಯೂಟರಿನಲ್ಲಿದ್ದ ರಕ್ತದ ಗುಂಪಿನ ದಾಖಲೆ ತೆರೆಯಲಿಲ್ಲ. ಮತ್ತೆ ಮೊದಲಿನಿಂದ ಪರೀಕ್ಷೆ. ರಕ್ತ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯ ಮೇಲಾಯಿತು. ಡೋರಿಕಾ ಉಳಿದಳು. ಗರ್ಭಕೋಶ ತೆಗೆಯಬೇಕಾಯಿತು. ಇಪ್ಪತ್ತೊಂದು ವರ್ಷದ ಹುಡುಗಿ ಅವಳು, ಇನ್ನು ಅವಳಿಗೆ ಬೇರೆ ಮಕ್ಕಳಾಗುವಂತಿಲ್ಲ.

ಗುರುವಾರ ಬೆಳಿಗ್ಗೆ ವಿಚಾರಣೆ. ಮುಬಿತಾ ಮೇಡಂ ಪಶ್ಚಿಮದ ಬಯಲಿನ ಲೋಜಿ ಕುಲದವಳು. ಲೋಜಿಗಳಿಗೆ ಕೀಟಲೆಯ ನೆಂಟರು ಬೇರೆ. ಬೆಂಬಾ ಅಂಗೋನಿಗಳ ಜಗಳದ ಆಟದಲ್ಲಿ ಅವಳಿಗೆ ಕೈಯಿಲ್ಲ, ಕಿವಿಯೂ ಇಲ್ಲ. ಯಾರು ಏನು ಹೇಳಿದರೂ ಹೇಳಿದಷ್ಟನ್ನೇ ಬರೆದುಕೊಳ್ಳುವ ಹೆಂಗಸು. ಎದುರಿಗಿದ್ದ ಕಾಗದ ಓದಿದಳು: ಮಂಗಳವಾರ, ಹತ್ತೂ ನಲವತ್ತು, ಪ್ರವೇಶಿಸಿದವರ ಹೆಸರು ಜೆರೆ. ನೀವೇ ಮಾಡಿದ್ದಾ ಎಂದು ಕೇಳಿದಳು.

ಜೆರೆ ಅವಳ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಲೊಂಬೆಯ ಕಡೆ ತಿರುಗಿದ. ತುಟಿಯ ಅಂಚಿನಲ್ಲಿ ಎಂದಿನ ತುಂಟತನ ತಂದುಕೊಂಡು ಹೇಳಿದ:

“ಇನ್ಯಾರು ಮೇಡಂ? ಬಿಲ ತೋಡೋದು ಇಲಿ ತಿನ್ನೋರ ಕೆಲ್ಸ. ಕೋತಿ ತಿನ್ನೋರು ಪಾಪ, ಕೊಂಬೆ ಬಿಟ್ಟು ಕೆಳಗೆ ಇಳಿದಿದ್ದು ಯಾರು ಕಂಡಿದಾರೆ?”

ಅದು ಅವಳಿಗೆ ಚಾಚಿದ ಕೈ. ತಪ್ಪೊಪ್ಪಿಗೆಯ ಭಾರವನ್ನು ಅರ್ಧಕ್ಕರ್ಧ ಇಳಿಸಿ, ನಗುತ್ತ ಹೇಳಿಬಿಡು, ಆಮೇಲೆ ಕಲಿಸಿದವನು ನಾನೂ ಜೊತೆಗಿದ್ದೇನೆ ಎಂದು ಕರೆಯುವ ರೀತಿ. ಕೀಟಲೆಗೆ ಉತ್ತರ ಕೊಟ್ಟರೆ ಸಾಕಿತ್ತು, ನಿಜ ತಾನಾಗಿ ಹೊರಬರುತ್ತಿತ್ತು. ಉತ್ತರ ಲೊಂಬೆಯ ನಾಲಗೆಯ ತುದಿಗೆ ಬಂದಿತ್ತು ಕೂಡ: ಇಲಿಗೆ ಅಷ್ಟು ಬುದ್ಧಿ ಎಲ್ಲಿ ಮೇಡಂ, ಮಾಡಿದ್ದು ಈ ಕೋತೀನೇ. ಇಷ್ಟೇ. ಆದರೆ ಅವಳಿಗೆ ನಾಳೆಯ ಶುಕ್ರವಾರ ಕಂಡಿತು. ಎರಡು ಕೋಣೆಯ ಕ್ವಾರ್ಟರ್ಸು ಕಂಡಿತು. ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುವ ಮ್ವಾಪೆ ಕಂಡಳು. ಎಲ್ಲಕ್ಕಿಂತ ಹೆಚ್ಚಾಗಿ ಡೋರಿಕಾಳ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಬರೆದ ಹಾಗೆ ಕಂಡಿತು. ಅವಳು ಮೇಜಿನ ಮರದ ಗೆರೆಗಳನ್ನು ನೋಡುತ್ತ ಕೂತಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತೂ ಹೋಗುತ್ತದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಜೆರೆ ಕಾದ. ಗೋಡೆಯ ಫ್ಯಾನು ಎರಡು ಸಲ ಆ ಕಡೆ ಈ ಕಡೆ ತಿರುಗುವಷ್ಟು ಹೊತ್ತು ಕಾದ. ಅವನ ಮುಖದ ತುಂಟತನ ನಿಧಾನವಾಗಿ ಇಳಿಯಿತು. ಮುಬಿತಾ ಮೇಡಂ ‘ಒಪ್ಪಿಕೊಂಡರು’ ಎಂದು ಬರೆದುಕೊಂಡಳು. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅವನು ಇಲ್ಲ ಎಂದ. ಹೇಳಬಹುದಿತ್ತು. ಕೀಟಲೆಯ ನೆಂಟಳನ್ನು ಹಿಡಿದುಕೊಟ್ಟು ಕೆಲಸ ಉಳಿಸಿಕೊಳ್ಳುವ ಬುದ್ಧಿ ಆ ಮನುಷ್ಯನಿಗೆ ಇರಲಿಲ್ಲ. ಅದನ್ನು ಒಳ್ಳೆಯತನ ಎನ್ನಿ, ಹಟ ಎನ್ನಿ.

ಸೋಮವಾರದಿಂದ ಅವನು ಬರುವುದು ಬೇಡವೆಂದಾಯಿತು. ನಿವೃತ್ತಿಯ ನಂತರದ ಎರಡು ವರ್ಷ ರದ್ದಾಯಿತು. ಶುಕ್ರವಾರ ಲೊಂಬೆಗೆ ಕಾಯಂ ಪತ್ರ ಬಂತು. ಅದೇ ಮಧ್ಯಾಹ್ನ ಜೆರೆ ಉಗ್ರಾಣಕ್ಕೆ ಬಂದು, ಬಾಗಿಲಲ್ಲೇ ನಿಂತು, ಎರಡೂ ಕೈಯಲ್ಲಿ ಬೀಗದ ಕೈಗಳ ಗೊಂಚಲು ಚಾಚಿದ.

“ಮೇಡಂ ಕಪಾಸಾ, ಇವು ಕಪಾಟುಗಳ ಬೀಗದ ಕೈಗಳು. ಎಲ್ಲ ಇವೆಯೇ ಎಂದು ಒಮ್ಮೆ ನೋಡಿಕೊಳ್ಳಿ.”

ನೋಡಿಕೊಳ್ಳಿ ಎಂದ; ನೋಡ್ಕೊಳ್ಳೇ ಎನ್ನಲಿಲ್ಲ. ಒಂಬತ್ತು ತಿಂಗಳ ಕೋತಿ, ಬಾಲ, ಹೆಬ್ಬಾವು ಎಲ್ಲ ಆ ಒಂದು ಬಹುವಚನದಲ್ಲಿ ಮುಗಿದುಹೋದವು. ಅವನು ಬೈದಿದ್ದರೆ ಅವಳು ಕಾಲಿಗೆ ಬೀಳುತ್ತಿದ್ದಳು. ಮರ್ಯಾದೆ ಕೊಟ್ಟವನ ಕಾಲಿಗೆ ಬೀಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಗೊಂಚಲನ್ನು ತೆಗೆದುಕೊಂಡು ಸರಿ ಎಂದಳು.

ಮುಂದಿನ ತಿಂಗಳುಗಳಲ್ಲಿ ಅವಳು ಒಳ್ಳೆಯ ಕೆಲಸಗಾರ್ತಿಯಾದಳು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವಳ ಕಟ್ಟಿನಲ್ಲಿ ಒಂದು ಆಜ್ಞೆಯೂ ತಪ್ಪುತ್ತಿರಲಿಲ್ಲ. ಚಹಾ ಕುಡಿಯದೆ, ವಾರ್ಡುಗಳಿಗೆ ಫೋನು ಮಾಡದೆ ಏನನ್ನೂ ಉಳಿಸುತ್ತಿರಲಿಲ್ಲ. ಮುಬಿತಾ ಮೇಡಂ ಸಭೆಯಲ್ಲಿ ಎಲ್ಲರೆದುರು ಹೊಗಳಿದಳು. ಹೊಗಳಿಕೆ ಅವಳಿಗೆ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಡೋರಿಕಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಯ ಮುಂಬಾಗಿಲಲ್ಲೇ ಟೊಮೇಟೊ ಗುಡ್ಡೆ ಹಾಕತೊಡಗಿದ ಮೇಲೆ ಲೊಂಬೆ ಹಿಂಬಾಗಿಲಿನಿಂದ ಓಡಾಡತೊಡಗಿದಳು. ಮೇಡಂ ಕೋಣೆಯ ತನಕ ಹೋಗಿ ಎರಡು ಸಲ ವಾಪಸು ಬಂದಳು. ಒಂದು ಸಲ ಮೇಡಂ ಫೋನಿನಲ್ಲಿದ್ದಳು. ಇನ್ನೊಂದು ಸಲ ಕೋಣೆ ಖಾಲಿಯೇ ಇತ್ತು, ಕಾಯಬಹುದಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಸೋದರಮಾವ ತೀರಿಕೊಂಡ. ತಂದೆಯಿಲ್ಲದ ಅವಳನ್ನು ಸಾಕಿ ಓದಿಸಿದವನು, ಬೆಂಬಾ ಮನೆಯಲ್ಲಿ ಅಪ್ಪನಿಗಿಂತ ದೊಡ್ಡವನು. ಬುಚಿ ಬಡಾವಣೆಯ ಅವನ ಮನೆಯಲ್ಲಿ ಹೆಂಗಸರು ಒಳಗೆ ಚಾಪೆಯ ಮೇಲೆ, ಗಂಡಸರು ಅಂಗಳದಲ್ಲಿ ಬೆಂಕಿಯ ಸುತ್ತ. ಬೆಳಿಗ್ಗೆ ಹತ್ತರ ಹೊತ್ತಿಗೆ ಜೆರೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

ಅವನನ್ನು ಕಂಡು, ಅತ್ತು ಬಳಲಿದ್ದ ಹೆಂಗಸರ ಮುಖದಲ್ಲಿ ಸ್ವಲ್ಪ ಜೀವ ಬಂತು. ಬೆಂಬಾ ಸಾವಿಗೆ ಅಂಗೋನಿ ಬಂದನೆಂದರೆ ಗಲಾಟೆಗೆ ಬಂದನೆಂದೇ ಅರ್ಥ. ಸತ್ತವನ ಟೋಪಿ ಹಾಕಿಕೊಂಡು ಅವನ ನಡಿಗೆ ನಡೆಯಬೇಕು, ಹೆಣವನ್ನು ಸೋಮಾರಿ ಎಂದು ಬೈಯಬೇಕು, ತೋಡಿದ ಗುಂಡಿಯಲ್ಲಿ ತಾನೇ ಮಲಗಿ ಕೂಲಿ ಕೊಡುವ ತನಕ ಏಳುವುದಿಲ್ಲ ಎನ್ನಬೇಕು. ಅಳುವವರನ್ನು ನಗಿಸಿ ಎಬ್ಬಿಸುವುದು ಆ ನೆಂಟನ ಹಕ್ಕು, ಅವನ ಮನೆಯ ಸಾವಿಗೆ ನಾಳೆ ಇವರು ಹೋಗಿ ಅದನ್ನೇ ಮಾಡಿ ಸಾಲ ತೀರಿಸಬೇಕು. ಎಲ್ಲರೂ ಕಾದರು. ಜೆರೆ ತನ್ನ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಗಂಡಸರ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ಕೂತ.

ಲೊಂಬೆಯ ದೊಡ್ಡಮ್ಮ ಬಾಗಿಲಿನಿಂದ ಅವನನ್ನೇ ನೋಡುತ್ತಿದ್ದಳು.

“ಆ ಮನುಷ್ಯ ಅಂಗೋನಿ ಅಂದಿದ್ದೆಯಲ್ಲೇ?”

“ಹೌದು, ದೊಡ್ಡಮ್ಮ.”

“ಮತ್ತೆ ಪರಕೀಯರ ಥರ ಕೂತಿದಾನಲ್ಲ. ಏನು ಮಾಡಿದೀಯೇ ನೀನು ಅವನಿಗೆ?”

ಲೊಂಬೆ ಎದ್ದಳು. ಕಾಲು ಜೋಮು ಹಿಡಿದಿತ್ತು. ಹೆಂಗಸರು ಗಂಡಸರ ಬೆಂಕಿಯ ಹತ್ತಿರ ಹೋಗುವುದಿಲ್ಲ, ಆದರೂ ಹೋದಳು. ಇಡೀ ಅಂಗಳ ನೋಡುತ್ತಿತ್ತು. ಅವನ ಮುಂದೆ ನಿಂತು, ಆದಷ್ಟು ಗಟ್ಟಿಯಾಗಿ ಹೇಳಿದಳು:

“ಏನೋ ಇಲಿಯಣ್ಣ, ಅಡುಗೇಲಿ ಇಲಿ ಇಲ್ಲ ಅಂತ ಮುಖ ಸಣ್ಣ ಮಾಡ್ಕೊಂಡ್ಯಾ?”

ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ಜೆರೆ ಎದ್ದು ನಿಂತ, ಹೆಂಗಸಿನ ಎದುರು ನಿಲ್ಲುವ ಸಭ್ಯ ಗಂಡಸಿನ ಹಾಗೆ.

“ನಿಮ್ಮ ಮಾವನವರು ಒಳ್ಳೆಯವರಾಗಿದ್ದರಂತೆ, ಮೇಡಂ. ದುಃಖ ತಡೆದುಕೊಳ್ಳಿ.”

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅವತ್ತು ಮಾಡಿದ್ದು ನಾನು, ಬಾ ಜೆರೆ, ಡೋರಿಕಾಗೆ ಹಾಗಾದದ್ದು ನನ್ನಿಂದ ಎಂದು ಎಲ್ಲರ ಮುಂದೆ ಅತ್ತಳು. ಜೀವನದಲ್ಲಿ ಮೊದಲ ಸಲ ಅವನ ಹೆಸರಿಗೆ ಬೆಂಬಾ ನುಡಿಯ ಗೌರವದ ‘ಬಾ’ ಸೇರಿಸಿದ್ದಳು. ಜೆರೆ ಅವಳು ಮುಗಿಸುವ ತನಕ ನಿಂತು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಅದು ನನಗೆ ಅವತ್ತೇ ಗೊತ್ತಿತ್ತಲ್ಲ ಮೇಡಂ. ನನಗ್ಯಾಕೆ ಹೇಳ್ತೀರಿ?”

ಟೋಪಿ ಹಾಕಿಕೊಂಡು, ಹಿರಿಯರಿಗೆಲ್ಲ ಕೈಮುಗಿದು, ಅವನು ಬೇಲಿಯ ಬಾಗಿಲು ದಾಟಿ ಹೋದ.